ಡಬ್ಬದ ಮೇಲೆ ಹೆಸರು ಬರೆಯಿರಿ

ಕೇಳುಗರಿಗೆ ನಮಸ್ಕಾರ. ತುಮಕೂರು, ಗುಬ್ಬಿ, ತಿಪಟೂರು, ಶಿರಾ ಕಡೆ ಈ ಹೊತ್ತಿಗೆ ರೇಡಿಯೋ ಹಾಕಿಕೊಂಡು ಕೂತಿರುವ ಎಲ್ಲರಿಗೂ ನಮಸ್ಕಾರ. ತೋಟಕ್ಕೆ ನೀರು ಬಿಟ್ಟು ಫೋನಿನಲ್ಲೇ ಕೇಳುತ್ತಿರುವವರಿಗೂ.

"ನೀವು ಮಾಡಿದ ಹಳೇ ಸಂದರ್ಶನಗಳ ಬಗ್ಗೆ ಮಾತಾಡಿ ಸಾರ್, ಸಿನಿಮಾದವರು, ಸಂಗೀತಗಾರರು, ಸ್ವಾರಸ್ಯವಾಗಿರುತ್ತೆ" ಅಂತ ಇಲ್ಲಿಯ ಹುಡುಗರು ಕರೆದರು. ಮಾತಾಡುತ್ತೇನೆ. ಆದರೆ ಮೊದಲು ನಿಮಗೊಂದು ಕೆಲಸ. ನಿಮ್ಮ ಮನೆ ಅಟ್ಟದ ಮೇಲೋ ಬೀರುವಿನ ಮೇಲೋ ಹಳೇ ಕ್ಯಾಸೆಟ್ ಡಬ್ಬ ಒಂದು ಇದ್ದೇ ಇರುತ್ತೆ. ತಾತ ಹರಿಕಥೆ ಮಾಡಿದ್ದು, ಅತ್ತೆ ಸೋಬಾನೆ ಹೇಳಿದ್ದು, ಊರ ಹಬ್ಬದ ನಾಟಕದ್ದು. ಅದನ್ನು ಇಳಿಸಿ. ಪ್ರತಿಯೊಂದರ ಮೇಲೂ ಬರೆಯಿರಿ. ಯಾರು, ಎಲ್ಲಿ, ಯಾವಾಗ. ಅಷ್ಟೇ. ನಾನಿವತ್ತು ಇದನ್ನು ಹೇಳೋಕೆ ಬಂದಿರುವುದು. ಮಿಕ್ಕಿದ್ದೆಲ್ಲ ಸುಮ್ನೆ ನಡುನಡುವೆ ಬರುತ್ತೆ.

ನಮ್ಮಲ್ಲಿ ರೇಡಿಯೋ ಹೊಸದೇನಲ್ಲ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಆಕಾಶವಾಣಿ ಶುರು ಮಾಡಿದ್ದು 1935ರಲ್ಲಿ. ಬೆಂಗಳೂರು ನಿಲಯ ಬಂದದ್ದು 1955ರಲ್ಲಿ. ಇಷ್ಟು ವರ್ಷ ಎಷ್ಟು ಜನ ಬಂದು ಮೈಕಿನ ಮುಂದೆ ಕೂತು ಹೋಗಿರಬಹುದು, ಯೋಚನೆ ಮಾಡಿ. ಅದರಲ್ಲಿ ಉಳಿದಿರುವುದು ಸ್ವಲ್ಪ. ಆಗ ಟೇಪು ಅಂದರೆ ದುಬಾರಿ ಸಾಮಾನು. ಏಳಿಂಚಿನ ಒಂದು ಸ್ಪೂಲಿನಲ್ಲಿ 1200 ಅಡಿ ಟೇಪು. ಪ್ರಸಾರಕ್ಕೆ ಬೇಕಾದ ವೇಗದಲ್ಲಿ ಓಡಿಸಿದರೆ ಸುಮಾರು ಅರ್ಧ ಗಂಟೆಗೆ ಖಾಲಿ. ಹಾಗಾಗಿ ಪ್ರಸಾರ ಮುಗಿದ ಮೇಲೆ ಅಳಿಸಿ ಅದರ ಮೇಲೇ ಬೇರೆ ತುಂಬುತ್ತಿದ್ದರು. ಎಷ್ಟೋ ದೇಶಗಳಲ್ಲೂ ಇದೇ ಕಥೆ. ಯಾವುದನ್ನು ಅಳಿಸುತ್ತಿದ್ದರು? ಹೆಸರಿಲ್ಲದ್ದನ್ನು. ಡಬ್ಬದ ಮೇಲೆ ಏನೂ ಬರೆದಿಲ್ಲ ಅಂದರೆ ಒಳಗೂ ಏನೂ ಇಲ್ಲ ಅಂತ ಲೆಕ್ಕ.

ದೊಡ್ಡವರ ವಿಷಯ ಬೇರೆ ಬಿಡಿ. ರಾಜ್‌ಕುಮಾರ್ ಅವರ ದನಿಗೆ ಲೇಬಲ್ ಬೇಕಾ? ಒಂದು ಮಾತು ಕೇಳಿದರೆ ಮಕ್ಕಳೂ ಗುರುತು ಹಿಡಿಯುತ್ತವೆ. ನಮ್ಮ ತಿಪಟೂರಿನ ನರಸಿಂಹರಾಜು ಬಾಯಿ ತೆರೆದರೆ ಸಾಕು, ಯಾರು ಅಂತ ಗೊತ್ತಾಗುತ್ತದೆ. ಇವರೆಲ್ಲ ನಮ್ಮ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿಕೊಂಡವರು. ಬಾಲಕೃಷ್ಣ, ಜಿ.ವಿ. ಅಯ್ಯರ್ ಕೂಡ. 1884ರಲ್ಲಿ ಹುಟ್ಟಿದ ಕಂಪನಿ ಅದು. ವೀರಣ್ಣನವರು ಬೆಂಗಳೂರಿನಲ್ಲಿ ಕುರುಕ್ಷೇತ್ರ ಆಡಿಸಿದಾಗ ಆನೆ, ಕುದುರೆಗಳೇ ಬಂದಿದ್ದವು.

ಖ್ಯಾತರನ್ನು ಮಾತಾಡಿಸುವುದು ಕೇಳುವವರಿಗೆ ಸಲೀಸು ಅನ್ನಿಸುತ್ತೆ. ಅದರಲ್ಲೊಂದು ಫಜೀತಿ ಇದೆ. ಮೈಕ್ ಮುಂದೆ ಕೂತ ತಕ್ಷಣ ಅವರ ಬೆನ್ನು ನೆಟ್ಟಗಾಗುತ್ತದೆ, ಭಾಷೆ ಪುಸ್ತಕದ್ದಾಗುತ್ತದೆ. ಎಲ್ಲ ಪತ್ರಿಕೆಯವರಿಗೂ ಹೇಳಿದ ಅದೇ ನಾಲ್ಕು ಪ್ರಸಂಗ ನಮಗೂ ಹೇಳುತ್ತಾರೆ. ನಾವು ಕೊನೆಗೆ "ಧನ್ಯವಾದಗಳು" ಅಂದಕೂಡಲೇ ಉಸ್ಸಪ್ಪಾ ಅಂತ ಹಿಂದಕ್ಕೆ ಒರಗಿ, ಕಾಫಿ ಬಂತಾ ಅಂತ ಕೇಳಿ, ಆಮೇಲೆ ಶುರು ಮಾಡುತ್ತಾರೆ ನಿಜವಾದ ಮಾತು! ಅದಕ್ಕೇ ನಾನು ಧನ್ಯವಾದ ಹೇಳಿದ ಮೇಲೂ ಮಷೀನು ನಿಲ್ಲಿಸುತ್ತಿರಲಿಲ್ಲ. ಅವರಿಗೆ ಹೇಳಿಯೇ ಓಡಿಸುತ್ತಿದ್ದೆ, ಕದ್ದು ಅಲ್ಲ. ಈಗ ಆ ಟೇಪುಗಳನ್ನು ಕೇಳಿದರೆ ಕಾಫಿ ಲೋಟದ ಸದ್ದಿನ ನಂತರದ ಭಾಗವೇ ನನಗೆ ಇಷ್ಟ.

ಇರಲಿ. ಇವೆಲ್ಲ ಉಳಿಯುತ್ತವೆ, ಇವುಗಳ ಚಿಂತೆ ನನಗಿಲ್ಲ. ನಾನು ಹೇಳಬೇಕಾಗಿರುವುದು ಒಂದು ಕ್ಯಾಸೆಟ್ ಬಗ್ಗೆ.

ಗುಬ್ಬಿ ತಾಲ್ಲೂಕಿನ ಒಂದು ಮನೆ. ಹಳೇ ಮನೆ ಕೆಡವುತ್ತಿದ್ದರು. ನಾಟಕದ ಸಾಮಾನಿನ ಟ್ರಂಕು ಒಂದಿತ್ತು. ಕಿರೀಟ, ಭುಜಕೀರ್ತಿ, ಬಣ್ಣ ಹೋದ ಗದೆ. ತಳದಲ್ಲಿ ಒಂದು ಕ್ಯಾಸೆಟ್. ಮೇಲೆ ಯಾವುದೋ ಸಿನಿಮಾ ಹಾಡಿನ ಲೇಬಲ್. ಮನೆಯವರು ಎಸೆಯುವ ಗುಡ್ಡೆಗೆ ಹಾಕಿದ್ದರು. ನಾನು ಎತ್ತಿ ನೋಡಿದೆ. ಕಂಪನಿಯಿಂದ ಬಂದ ಹಾಡಿನ ಕ್ಯಾಸೆಟ್‌ಗೆ ಹಿಂಬದಿ ಅಂಚಿನಲ್ಲಿ ಎರಡು ಸಣ್ಣ ತೂತು ಇರುತ್ತವೆ, ನೋಡಿದ್ದೀರಾ? ತೂತು ಇದ್ದರೆ ಮೇಲೆ ರೆಕಾರ್ಡ್ ಮಾಡಲು ಆಗುವುದಿಲ್ಲ. ಇದರಲ್ಲಿ ಬಸ್ ಟಿಕೆಟ್ ಮಡಿಚಿ ತುರುಕಿ, ಮೇಲೆ ಗಮ್ ಟೇಪ್ ಅಂಟಿಸಿದ್ದರು. ಅಂದರೆ ಯಾರೋ ಏನೋ ತುಂಬಿದ್ದಾರೆ ಅಂತ ಆಯಿತಲ್ಲ?

ಹಾಕಿದೆ. ಮೊದಲು ಒಂದೂವರೆ ಸಿನಿಮಾ ಹಾಡು. ತಟ್ಟನೆ ನಿಂತಿತು. ಆಮೇಲೆ ಒಂದು ದನಿ: "ಮೇಷ್ಟ್ರೇ, ಸ್ವಲ್ಪ ಜೋರಾಗಿ ಹೇಳಿ."

ಸ್ವಾಮಿ, ಆಮೇಲೆ ಬಂದದ್ದು ಬಂಗಾರ. ಪೌರಾಣಿಕ ನಾಟಕ ಕಲಿಸುವ ಒಬ್ಬ ಹಾರ್ಮೋನಿಯಂ ಮೇಷ್ಟ್ರು. ಕಾಲಿನಲ್ಲಿ ತುಳಿಯುವ ಲೆಗ್ ಹಾರ್ಮೋನಿಯಂ, ಪೆಡಲಿನ ಕಿರ್ ಕಿರ್ ಕೇಳಿಸುತ್ತದೆ. ಬಯಲಲ್ಲಿ ರಾತ್ರಿಯಿಡೀ ಕಂದ, ವೃತ್ತ ಹಾಡುವ ದುರ್ಯೋಧನನಿಗೆ ನಡುರಾತ್ರಿ ದಾಟಿದ ಮೇಲೆ ಗಂಟಲು ಇಳಿಯುತ್ತದಂತೆ. ಆಗ ಮೇಷ್ಟ್ರು ಪಾತ್ರಧಾರಿಗೂ ಹೇಳದೆ ಶ್ರುತಿಯನ್ನು ಒಂದು ಮನೆ ಕೆಳಗೆ ಇಳಿಸುತ್ತಾರೆ. ಸುಮ್ಮನೆ ಇಳಿಸಿದರೆ ಜನಕ್ಕೆ ಗೊತ್ತಾಗುತ್ತೆ. ಅದಕ್ಕೆ ಭೀಮನ ಪ್ರವೇಶಕ್ಕೆ ಕಾಯುತ್ತಾರೆ. ಶಿಳ್ಳೆ, ಚಪ್ಪಾಳೆ, ಗಲಾಟೆ. ಆ ಗಲಾಟೆ ಮರೆಯಲ್ಲಿ ಶ್ರುತಿ ಇಳಿಯುತ್ತದೆ! ಗಲಾಟೆ ನಿಲ್ಲುವ ಹೊತ್ತಿಗೆ ದುರ್ಯೋಧನ ತನಗೇ ಗಂಟಲು ತೆರೆಯಿತು ಅಂದುಕೊಂಡು ಎದೆ ಉಬ್ಬಿಸಿ ಹಾಡುತ್ತಾನೆ. ಇದನ್ನು ಹೇಳಿ ಮೇಷ್ಟ್ರು ನಗುತ್ತಾರೆ ನೋಡಿ, ಕೇಳಿದವರಿಗೂ ನಗು ಬರಬೇಕು. ಬಾರಿಸಿ ತೋರಿಸುತ್ತಾರೆ ಕೂಡ. ಮೇಲಿನ ಒಂದು ಸ್ವರ ಮಾತ್ರ ಜುಂಯ್ ಅಂತ ಅದುರುತ್ತದೆ. ರೀಡು ಸಡಿಲವಾಗಿದೆ.

ಯಾರಿವರು? ಇಡೀ ಕ್ಯಾಸೆಟ್ ಕೇಳಿದೆ. ಹೆಸರು ಬರಲಿಲ್ಲ. ಹೇಗೆ ಬರುತ್ತೆ ಹೇಳಿ? ಸಂದರ್ಶನ ಮಾಡುವವನು ಮರ್ಯಾದೆಯಿಂದ "ಮೇಷ್ಟ್ರೇ" ಅನ್ನುತ್ತಾನೆ. ಶಿಷ್ಯನೊಬ್ಬ ಬಂದು "ಮೇಷ್ಟ್ರೇ, ಬರ್ತೀನಿ" ಅನ್ನುತ್ತಾನೆ. ಒಳಗಿನಿಂದ ಹೆಂಡತಿ "ಏನೂಂದ್ರೆ, ಊಟ ಆರೋಗುತ್ತೆ" ಅನ್ನುತ್ತಾರೆ. ಗಂಡನ ಹೆಸರು ಅವರು ಹೇಳುವ ಕಾಲವೇ ಅಲ್ಲ ಅದು. ಎಲ್ಲರಿಗೂ ಗೌರವ. ಆ ಗೌರವದಲ್ಲೇ ಮನುಷ್ಯನ ಹೆಸರು ಮುಚ್ಚಿಹೋಯಿತು. ನಾಟಕದಲ್ಲಿ ದುರ್ಯೋಧನನ ಅಂಗಿಗೆ ಹತ್ತು ರೂಪಾಯಿ ಸಿಕ್ಕಿಸಿದವರ ಹೆಸರನ್ನು ಮೈಕಿನಲ್ಲಿ ಊರು, ತಂದೆ ಹೆಸರು ಸಮೇತ ಕೂಗುತ್ತಾರೆ. ಬೆಳಗಿನವರೆಗೆ ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ತುಳಿದವರ ಹೆಸರು?

ಸರಿ, ಪತ್ತೆ ಮಾಡೋಣ ಅಂತ ಕೂತೆ. ಹೆಡ್‌ಫೋನ್ ಹಾಕಿಕೊಂಡು ಮಾತು ಬಿಟ್ಟು ಹಿಂದಿನ ಸದ್ದು ಕೇಳಲು ಶುರು ಮಾಡಿದೆ. ಒಂದು ಕಡೆ ರೈಲು. ಹಬೆ ಎಂಜಿನ್ನಿನ ಕೂಗು. ಅಂದರೆ ಹಳಿ ಹತ್ತಿರದ ಊರು. ನಮ್ಮಲ್ಲಿ ಆಗಿನ್ನೂ ಮೀಟರ್ ಗೇಜ್. ಕ್ಯಾಸೆಟ್ ಸಿಕ್ಕ ಜಾಗ ನೋಡಿದರೆ ಗುಬ್ಬಿ, ನಿಟ್ಟೂರು, ತಿಪಟೂರು ಹಾದಿ ಇರಬೇಕು ಅಂದುಕೊಂಡೆ. ಇನ್ನೊಂದು ಕಡೆ ಪಕ್ಕದ ಮನೆಯ ರೇಡಿಯೋ. ಏನೋ ಕಾಮೆಂಟರಿ, ಗುಜುಗುಜು. ಮೇಷ್ಟ್ರು ಶ್ರುತಿ ಇಳಿಸುವ ಕಥೆಯ ನಡುವೆ ಇದ್ದಾರೆ, ಹೊರಗೆ ಹುಡುಗರು ಹೋ ಅಂತ ಕಿರುಚಿಕೊಂಡರು. ಒಬ್ಬ ಹುಡುಗ ಒಳಗೇ ಓಡಿಬಂದು ಕೂಗುತ್ತಾನೆ: "ರಿಚರ್ಡ್ಸ್ ಔಟ್! ಕಪಿಲ್ ಹಿಡಿದ! ಫೈನಲ್ ನಮ್ದೇ!" ಸಂದರ್ಶಕನಿಗೆ ಸಿಟ್ಟು. "ಶ್! ಆಚೆ ಹೋಗೋ" ಅಂತ ಗದರಿಸುತ್ತಾನೆ.

ನಾನು ಕುರ್ಚಿಯಿಂದ ಎದ್ದುಬಿಟ್ಟೆ. 1983ರ ಜೂನ್ 25! ವೆಸ್ಟ್ ಇಂಡೀಸ್ ಜೊತೆ ಕ್ರಿಕೆಟ್ ವಿಶ್ವಕಪ್ಪಿನ ಲಾರ್ಡ್ಸ್ ಫೈನಲ್. ಮದನ್‌ಲಾಲ್ ಚೆಂಡಿಗೆ ರಿಚರ್ಡ್ಸ್ 33ಕ್ಕೆ ಔಟ್, ಹಿಂದಕ್ಕೆ ಓಡುತ್ತಾ ಕ್ಯಾಚ್ ಹಿಡಿದದ್ದು ಕಪಿಲ್. ನಮ್ಮವರು ಹೊಡೆದದ್ದು 183, ಅವರು 140ಕ್ಕೆ ಎಲ್ಲರೂ ಔಟ್. ಲಂಡನ್ನಿನಲ್ಲಿ ಸಂಜೆ, ನಮ್ಮಲ್ಲಿ ರಾತ್ರಿ. ಹೆಂಡತಿ ಊಟಕ್ಕೆ ಕರೆದದ್ದಕ್ಕೂ ತಾಳೆ ಆಯಿತು. ಯಾರೂ ಬರೆಯದ ತಾರೀಖನ್ನು ಆ ಹುಡುಗ ಕೂಗಿ ಹೇಳಿಬಿಟ್ಟಿದ್ದ.

ತಾರೀಖು ಸಿಕ್ಕಿತು, ಹೆಸರು? ಕ್ಯಾಸೆಟ್ಟಿನ ನಕಲು ಮಾಡಿಕೊಂಡು ರೈಲು ಹಾದಿಯ ಊರುಗಳಿಗೆ ಹೋದೆ. ಎಲ್ಲೆಲ್ಲಿ ನಾಟಕದ ಪ್ರಾಕ್ಟೀಸ್ ನಡೆಯುತ್ತಿದೆಯೋ ಅಲ್ಲಿ ಕೂತು ಕೇಳಿಸಿದೆ. ತುಂಬಾ ಜನ ತಲೆ ಆಡಿಸಿದರು, ಚೆನ್ನಾಗಿದೆ ಅಂದರು, ಟೀ ಕೊಟ್ಟರು. ಕೊನೆಗೆ ಒಂದೂರಿನಲ್ಲಿ ವಯಸ್ಸಾದ ಡ್ರಾಮಾ ಮೇಷ್ಟ್ರು ಒಬ್ಬರು, ಟೇಪಿನಲ್ಲಿ ಮಾತು ಬರುವಷ್ಟು ಹೊತ್ತು ಸುಮ್ಮನಿದ್ದರು. ಹಾರ್ಮೋನಿಯಂ ಬಂತು. ಆ ಜುಂಯ್ ಅನ್ನುವ ಸ್ವರ ಬಂದದ್ದೇ ತಡ, ತೊಡೆಯ ಮೇಲೆ ತಾಳ ಹಾಕುತ್ತಿದ್ದ ಕೈ ನಿಂತಿತು. "ನಮ್ಮ ಮೇಷ್ಟ್ರ ಪೆಟ್ಟಿಗೆ ಇದು. ಆ ಸ್ವರ ರಿಪೇರಿ ಮಾಡಿಸೋಣ ಅಂದರೆ ಬಿಡ್ತಿರಲಿಲ್ಲ" ಅಂದರು.

ನನಗೆ ಖುಷಿಯೋ ಖುಷಿ. ಪೆನ್ನು ತೆಗೆದೆ. ಅವರ ಹೆಸರೇನು ಅಂತ ಕೇಳಿದೆ.

ಅವರು ನನ್ನ ಮುಖ ನೋಡಿದರು. "ಪೆಟ್ಟಿಗೆ ಮೇಷ್ಟ್ರು" ಅಂದರು. ಎಳೆಯ ಹುಡುಗನಾಗಿದ್ದಾಗ ಕಲಿಯಲು ಹೋದವರು. ಮೇಷ್ಟ್ರ ಹೆಸರು ಕೇಳುವಷ್ಟು ಧೈರ್ಯ ಯಾರಿಗಿತ್ತು? ನಾಟಕ ಇದ್ದ ಕಡೆಯೆಲ್ಲ ಹೋಗಿ ತಿಂಗಳುಗಟ್ಟಲೆ ಇದ್ದು ಕಲಿಸುತ್ತಿದ್ದವರಂತೆ. ಸ್ವಂತ ಊರು ಯಾವುದು ಅಂತಲೂ ಅವರಿಗೆ ಸರಿಯಾಗಿ ಗೊತ್ತಿಲ್ಲ. ಈಗ ಆ ಕ್ಯಾಸೆಟ್ ಮೇಲೆ ನಾನು ಬರೆದಿರುವುದು ಇಷ್ಟೇ: ಪೆಟ್ಟಿಗೆ ಮೇಷ್ಟ್ರು, 25-6-1983, ರಾತ್ರಿ. ಒಂದು ಸಾಲು ಬರೆಯೋಕೆ ಇಷ್ಟೆಲ್ಲ ಓಡಾಟ. ಅವತ್ತೇ ಒಂದು ಬಾಲ್‌ಪೆನ್ನಿನಲ್ಲಿ ಆಗುತ್ತಿದ್ದ ಕೆಲಸ, ಅಲ್ವಾ?

ಗಾಜಿನಾಚೆ ಹುಡುಗಿ ಬೆರಳು ತೋರಿಸುತ್ತಿದ್ದಾಳೆ. ಟೈಮ್ ಆಗ್ತಾ ಬಂತು. ಇನ್ನೂ ಮೂರ್ನಾಲ್ಕು ವಿಷಯ ಬರೆದುಕೊಂಡು ಬಂದಿದ್ದೆ, ಓಡಿಸಿ ಹೇಳಿಬಿಡುತ್ತೇನೆ.

ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಮಷೀನಿಗೆ ಹಾಕಬೇಡಿ. ಮಷೀನೂ ಕೆಡುತ್ತೆ, ಮುಂದೆ ಹಾಕುವ ಟೇಪಿಗೂ ಹತ್ತುತ್ತೆ. ಗೊತ್ತಿರುವವರಿಗೆ ಕೊಡಿ. ಅಟ್ಟದ ಮೇಲೆ ಶೀಟಿನ ಕಾವು ಜಾಸ್ತಿ, ಕೆಳಗೆ ಬೀರುವಿನಲ್ಲಿಡಿ. ಸ್ಪೀಕರ್ ಪಕ್ಕ ಇಡಬೇಡಿ, ಅದರೊಳಗೆ ಅಯಸ್ಕಾಂತ ಇರುತ್ತೆ. ಬೇಕಾದ ಕ್ಯಾಸೆಟ್ಟಿನ ಹಿಂಬದಿಯ ಆ ಪ್ಲಾಸ್ಟಿಕ್ ಮುಚ್ಚಳ ಎರಡನ್ನೂ ಮುರಿದುಬಿಡಿ, ಆಗ ಯಾರೂ ಮೇಲೆ ತುಂಬಲಾರರು. ಕಂಪ್ಯೂಟರಿಗೆ ನಕಲು ಮಾಡಿದ ಮೇಲೆ ಮೂಲ ಎಸೆಯಬೇಡಿ. ದಯವಿಟ್ಟು ಎಸೆಯಬೇಡಿ.

ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಂತೋಷ, ಆ ಹೆಸರು ಉಳಿಯಿತು. ಹಾಗೇ ನಿಮ್ಮೂರ ತಮಟೆಯವರನ್ನು, ಸೋಮನ ಕುಣಿತದವರನ್ನು, ಶಿರಾ ಕಡೆ ಗಣೆ ಅನ್ನುವ ಉದ್ದ ಬಿದಿರ ಕೊಳಲು ಊದಿ ಜುಂಜಪ್ಪನ ಕಥೆ ಹೇಳುವವರನ್ನು ಈಗ ಎಲ್ಲರೂ ಫೋನಿನಲ್ಲಿ ಹಿಡಿಯುತ್ತೀರಿ. ಒಳ್ಳೆಯದು. ಆದರೆ ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿದರೆ ಫೈಲಿನ ಹೆಸರು ಹೋಗುತ್ತದೆ, ಬರೀ ನಂಬರ್ ಉಳಿಯುತ್ತದೆ. ಅದಕ್ಕೆ ರೆಕಾರ್ಡಿಂಗ್ ಒತ್ತಿದ ಕೂಡಲೇ ನೀವೇ ಬಾಯಿಬಿಟ್ಟು ಹೇಳಿ: ಇಂಥವರು, ಇಂಥ ಊರು, ಇವತ್ತು ಇಂಥ ತಾರೀಖು. ಆಮೇಲೆ ಅವರು ಹಾಡಲಿ. ದನಿಯ ಒಳಗೇ ಸೇರಿದ ಹೆಸರನ್ನು ಯಾರೂ ಕಿತ್ತುಹಾಕಲು ಆಗುವುದಿಲ್ಲ. ಮೇಷ್ಟ್ರೇ ಅಂತ ಆಮೇಲೆ ಕರೆಯಿರಿ, ಮೊದಲು ಹೆಸರು.

ಕೊನೆಗೊಂದು ಕೋರಿಕೆ. 1983ರ ಹಿಂದುಮುಂದಿನ ನಾಟಕದ ಕರಪತ್ರ ಯಾರ ಮನೆಯಲ್ಲಾದರೂ ಇದ್ದರೆ ತೆಗೆದು ನೋಡಿ. ಕುರುಕ್ಷೇತ್ರ, ದಾನಶೂರ ಕರ್ಣ, ಯಾವುದಾದರೂ ಸರಿ. ಪಾತ್ರಧಾರಿಗಳ ಪಟ್ಟಿ ಮುಗಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ "ಹಾರ್ಮೋನಿಯಂ" ಅಂತ ಒಂದು ಸಾಲಿರುತ್ತದೆ. ಅದರ ಮುಂದಿನ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಈ ರೇಡಿಯೋ ಕೇಂದ್ರಕ್ಕೆ ಕಳಿಸಿ. ಮುಂದಿನ ವಾರ ಇದೇ ಹೊತ್ತಿಗೆ ಆ ಕ್ಯಾಸೆಟ್ ಹಾಕುತ್ತಾರೆ, ಜುಂಯ್ ಅನ್ನುವ ಸ್ವರ ನೀವೇ ಕೇಳಬಹುದು. ನಿಮ್ಮ ಮನೆ ಹಿರಿಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರಿಗೆ ಗೊತ್ತಾದರೂ ಗೊತ್ತಾಗಬಹುದು. ನಮಸ್ಕಾರ.