ಹೌದು ಅನ್ನಿ, ಇಲ್ಲ ಅನ್ನಿ, ಆದರೆ ಹೇಳಿ!

ನಮಸ್ಕಾರ, ಪುಣೆಯಿಂದ. ಹೋದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: 'ಪುಣೆಯ ಫ್ಲಾಟಿನಲ್ಲಿ ಕೂತವರಿಗೆ ಕುಲಾಂತರಿ ಬೀಜದ ಉಸಾಬರಿ ಯಾಕೆ?'

ಯಾಕೆ ಅಂದರೆ ತಿನ್ನುವವರು ನಾವೇ ಅಲ್ವಾ! ದೇಶದ ಹತ್ತಿ ಹೊಲಗಳಲ್ಲಿ ಈಗ ಹೆಚ್ಚುಕಮ್ಮಿ ಪೂರ್ತಿ ಬಿಟಿ ಹತ್ತಿಯೇ, ಅಂದರೆ ಹುಳ ತಡೆಯಲು ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕುಲಾಂತರಿ ಹತ್ತಿ. ಅದರ ಕಾಳಿನ ಎಣ್ಣೆ ಅಡುಗೆಗೆ ಬರುತ್ತದೆ, ಹಿಂಡಿ ಎಮ್ಮೆಗೆ ಹೋಗುತ್ತದೆ.

ನನ್ನ ತಕರಾರು ಒಂದೇ. ಕುಲಾಂತರಿ ಬೆಳೆಗೆ ಸರ್ಕಾರ ಹೌದು ಅನ್ನಲಿ, ಇಲ್ಲ ಅನ್ನಲಿ. ಆದರೆ ಹೇಳಲಿ.

ಬದನೆಕಾಯಿಯನ್ನೇ ನೋಡಿ. ಇಲ್ಲಿರುವ ನಮ್ಮ ಮಂದಿ ಎಣ್ಣೆಗಾಯಿಗೆ ಹುಡುಕಿ ತರುವುದು ಮಾಂಜರಿ ಗೋಟಾ. ದುಂಡಗೆ, ನೇರಳೆ ಮೈಮೇಲೆ ಬಿಳಿ ಗೀರು. ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಬಿಟಿ ಮಾಡಿದ್ದ ತಳಿಗಳಲ್ಲಿ ಅದೂ ಇತ್ತು, ನಮ್ಮ ಉಡುಪಿ ಗುಳ್ಳವೂ ಇತ್ತು. 2009ರ ಅಕ್ಟೋಬರಿನಲ್ಲಿ, ಕುಲಾಂತರಿ ಬೆಳೆಗಳನ್ನು ಪರಿಶೀಲಿಸುವ ಕೇಂದ್ರದ ಜಿಇಎಸಿ ಸಮಿತಿ ಬಿಟಿ ಬದನೆಗೆ ಸೈ ಅಂದಿತು. 2010ರ ಫೆಬ್ರುವರಿಯಲ್ಲಿ ಆಗಿನ ಪರಿಸರ ಮಂತ್ರಿ ಜೈರಾಮ್ ರಮೇಶ್ ತಡೆ ಹಾಕಿದರು. ತಡೆದದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆಮೇಲೆ ಏನು ಮಾಡಿದಿರಿ, ಅದು ಪ್ರಶ್ನೆ. ಬಾಂಗ್ಲಾದೇಶ 2013ರಲ್ಲೇ ಒಪ್ಪಿ, 2014ರಲ್ಲಿ ಬೆಳೆಯಲು ಶುರು ಮಾಡಿತು. ನಮ್ಮಲ್ಲಿ ಫೈಲು ಅಲ್ಲೇ ಕೂತಿದೆ.

'ಅವಸರ ಬೇಡ, ಪರೀಕ್ಷೆ ಆಗಲಿ' ಅನ್ನುವವರಿದ್ದಾರೆ. ಆಗಲಿ! ಯಾವ ಪರೀಕ್ಷೆ, ಎಲ್ಲಿ, ಯಾವಾಗ ಮುಗಿಯುತ್ತದೆ? ಕೇಳಿದರೆ ಬಾಯಿ ಬಿಡುವುದಿಲ್ಲ. ಅದು ಎಚ್ಚರಿಕೆ ಅಲ್ಲ, ಜಾರಿಕೊಳ್ಳುವುದು.

ಸಾಸಿವೆದೂ ಇದೇ ಪಾಡು. 2022ರಲ್ಲಿ ಅದೇ ಸಮಿತಿ ಡಿಎಂಎಚ್-11 ಅನ್ನುವ ಕುಲಾಂತರಿ ಸಾಸಿವೆ ತಳಿಗೆ ಒಪ್ಪಿತು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜುಲೈನಲ್ಲಿ ಇಬ್ಬರು ನ್ಯಾಯಮೂರ್ತಿಗಳ ತೀರ್ಪು ಬೇರೆ ಬೇರೆ ಆಯಿತು. ಒಂದು ಮಾತಿಗೆ ಮಾತ್ರ ಇಬ್ಬರೂ ಒಪ್ಪಿದರು: ಕೇಂದ್ರ ಸರ್ಕಾರ ರಾಷ್ಟ್ರೀಯ ನೀತಿ ಮಾಡಬೇಕು. ಕೋರ್ಟೇ ಹೇಳಿದೆ ಸ್ವಾಮಿ, ಹೌದೋ ಇಲ್ಲವೋ ಹೇಳಿ!

ಅಂದ ಹಾಗೆ, ಸಬ್‌ಸ್ಕ್ರೈಬ್ ಆಗಿಲ್ಲದಿದ್ದರೆ ಈಗಲೇ ಆಗಿ. ಮುಂದಿನ ಎಪಿಸೋಡ್ ಪೂರ್ತಿ ಎಚ್‌ಟಿಬಿಟಿ ಹತ್ತಿ ಬಗ್ಗೆ.

ಅದು ಕಳೆನಾಶಕ ಹೊಡೆದರೂ ಸಾಯದ ಕುಲಾಂತರಿ ಹತ್ತಿ. ಅದಕ್ಕೆ ಅನುಮತಿಯೇ ಇಲ್ಲ. ಆದರೂ 2019ರಲ್ಲಿ ನಮ್ಮದೇ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ರೈತರು ಎಲ್ಲರೆದುರೇ ಬಿತ್ತಿದರು. ಕಳೆ ಕೀಳುವ ಕೂಲಿ ಉಳಿಯುತ್ತದೆ ಅಂದರೆ ಯಾರು ಬೇಡ ಅಂತಾರೆ? ಕದ್ದು ಮಾರುವ ಪಾಕೀಟಿಗೆ ಬಿಲ್ಲಿಲ್ಲ. ಮೊಳಕೆ ಬರದಿದ್ದರೆ ಪರಿಹಾರ ಇಲ್ಲ. ಲಾಭ ಕಳ್ಳ ವ್ಯಾಪಾರಿಗೆ, ಕೇಸು ರೈತನಿಗೆ.

'ಇದು ಸೂಕ್ಷ್ಮ ವಿಷಯ' ಅಂತ ದಯವಿಟ್ಟು ಬರೆಯಬೇಡಿ. ಸೂಕ್ಷ್ಮ ಆದರೇನು? ಹೇಳಿ! ಬೇಡ ಅಂದರೆ ಬೇಡ ಅಂತಲೇ ಹೇಳಿ, ಸುಮ್ನೆ ಕೂರಬೇಡಿ! ನಿಮ್ಮ ಊರಲ್ಲಿ ಈ ಕಳ್ಳ ಬೀಜ ಸಿಗುತ್ತದಾ, ಪಾಕೀಟಿಗೆ ಎಷ್ಟು ಕೊಡುತ್ತಾರೆ, ಕೆಳಗೆ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.