ಹಿಂಬದಿಗೆ ಹೋಗಿ ನೋಡಿ: ಚೀನಾದ ಕಡಲೂರು ಚ್ವಾನ್‌ಝೌ

ಕೇಳುಗರಿಗೆ ನಮಸ್ಕಾರ.

ಚೀನಾ ಅಂದ ತಕ್ಷಣ ನಮ್ಮವರ ಪಟ್ಟಿ ಸಿದ್ಧ. ಬೀಜಿಂಗ್, ಶಾಂಘೈ, ದೊಡ್ಡ ಗೋಡೆ. ಗೋಡೆಯ ಮೇಲೆ ನಿಂತು ಒಂದು ಫೋಟೊ, ವಾಪಸ್ ವಿಮಾನ. ಬೇಡ ಅನ್ನುವುದಿಲ್ಲ. ಗೋಡೆ ಚೆನ್ನಾಗಿಯೇ ಇದೆ. ಆದರೆ ನಾನು ಗುಡಿಗಳ ಶಿಲ್ಪವನ್ನು ಪಾಠ ಮಾಡಿಕೊಂಡೇ ಬದುಕಿದವನು. ನನ್ನನ್ನು ಯಾರಾದರೂ ಕೇಳಿದರೆ ಒಂದೇ ಊರಿನ ಹೆಸರು ಹೇಳುತ್ತೇನೆ. ಚ್ವಾನ್‌ಝೌ. ಚೀನಾದ ತೆಂಕಣ ಕರಾವಳಿಯ ಫುಜಿಯಾನ್ ಪ್ರಾಂತ್ಯದಲ್ಲಿದೆ. ತೈವಾನ್ ದ್ವೀಪಕ್ಕೆ ಎದುರು. ಶಿಯಾಮೆನ್ ಎಂಬ ದೊಡ್ಡ ಊರಿನಿಂದ ವೇಗದ ರೈಲಿನಲ್ಲಿ ಸುಮಾರು ಅರ್ಧ ಗಂಟೆ.

ಎಂಟುನೂರು ವರ್ಷದ ಹಿಂದೆ ಇದು ಲೋಕದ ಅತಿ ದೊಡ್ಡ ಬಂದರುಗಳಲ್ಲಿ ಒಂದು. ಅರಬರು ಇದನ್ನು ಜೈತೂನ್ ಅನ್ನುತ್ತಿದ್ದರು. ಮಾರ್ಕೊ ಪೋಲೊ ಈ ಊರನ್ನು ಹೊಗಳಿ ಬರೆದಿದ್ದಾನೆ. ಇಬ್ನ್ ಬತೂತಾ ಹೆಸರು ಕೇಳಿದ್ದೀರಲ್ಲ? ನಮ್ಮ ಹೊನ್ನಾವರ, ಮಂಗಳೂರುಗಳನ್ನು ನೋಡಿ ಬರೆದಿಟ್ಟ ಮೊರಾಕ್ಕೊದ ಪ್ರವಾಸಿ. ಚೀನಾ ಮುಟ್ಟಿದಾಗ ಅವನು ಇಳಿದದ್ದು ಇದೇ ಬಂದರಿನಲ್ಲಿ. 2021ರಲ್ಲಿ ಯುನೆಸ್ಕೊ ಈ ಊರಿನ ಮತ್ತು ಸುತ್ತಲಿನ 22 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇಪ್ಪತ್ತೆರಡನ್ನೂ ನಾನು ಹೇಳುವುದಿಲ್ಲ, ಹೆದರಬೇಡಿ. ಇವತ್ತು ಹೇಳುವುದು ಒಂದೇ ಮಾತು. ಹಿಂಬದಿಗೆ ಹೋಗಿ ನೋಡಿ. ಈ ಊರಿನಲ್ಲಿ ಮುಂಭಾಗ ನೋಡಿ ವಾಪಸ್ ಬಂದವರು ಅರ್ಧ ಊರನ್ನೂ ನೋಡಿಲ್ಲ.

ಊರ ನಡುವೆ ಕೈಯುವಾನ್ ಎಂಬ ಬೌದ್ಧ ವಿಹಾರ ಇದೆ. ಕಟ್ಟಿದ್ದು 686ರಲ್ಲಿ. ಮೊದಲು ಅಲ್ಲಿ ಹಿಪ್ಪುನೇರಳೆ ತೋಟ ಇತ್ತಂತೆ. ಆ ಮರದಲ್ಲಿ ತಾವರೆ ಅರಳಿದರೆ ಜಾಗ ಕೊಡುತ್ತೇನೆ ಅಂದನಂತೆ ಯಜಮಾನ. ಅರಳಿಯೇ ಬಿಟ್ಟಿತು. ಹೀಗೊಂದು ಕಥೆ. ಅಂಗಳದಲ್ಲಿ ಎರಡು ಕಲ್ಲಿನ ಗೋಪುರಗಳಿವೆ. ಎರಡೂ ಹದಿಮೂರನೆಯ ಶತಮಾನದವು, ಎರಡೂ ನಲವತ್ತು ಮೀಟರಿಗಿಂತ ಎತ್ತರ. ಪಶ್ಚಿಮದ ಗೋಪುರದಲ್ಲಿ ಕತ್ತಿ ಹಿಡಿದ ಕೋತಿಮುಖದ ವೀರನೊಬ್ಬನಿದ್ದಾನೆ. ಅವನು ಹನುಮಂತನಿಗೆ ನೆಂಟನೋ ಅಲ್ಲವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ಆಡಲಿ ಬಿಡಿ.

ಜನ ಏನು ಮಾಡುತ್ತಾರೆ ಅಂದರೆ, ಗೋಪುರದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ದೊಡ್ಡ ಮಂಟಪದ ಮುಂದೆ ಊದುಬತ್ತಿ ಹಚ್ಚುತ್ತಾರೆ. ಒಳಗಿನ ಐದು ಬುದ್ಧರಿಗೆ ಕೈ ಮುಗಿಯುತ್ತಾರೆ. ಹೊರಟೇ ಬಿಡುತ್ತಾರೆ. ನೋಡಬೇಕಾದ್ದು ಇರುವುದು ಆ ಮಂಟಪದ ಹಿಂದೆ!

ಕೆಲವು ವರ್ಷದ ಹಿಂದೆ ನಮ್ಮ ಕಡೆಯ ಒಂದು ಗುಂಪಿನ ಜೊತೆ ಹೋಗಿದ್ದೆ. ಹೆಚ್ಚಿನವರು ಪಿಂಚಣಿದಾರರು. ಉಡುಪಿ ಕಡೆಯ ಒಬ್ಬರು ಅಮ್ಮ ಇದ್ದರು, ಎಪ್ಪತ್ತು ದಾಟಿದವರು. ಅವರ ಯಜಮಾನರು ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು. ಹಾಗಾಗಿ ಈ ಅಮ್ಮನಿಗೆ ಭಾಗವತದ ಒಂದು ಕಥೆಯೂ ಬಿಟ್ಟಿಲ್ಲ. ಬಂದಾಗಿನಿಂದ ಅವರಿಗೆ ಊಟ ಸೇರಿರಲಿಲ್ಲ, ಮಂಡಿ ನೋವು ಬೇರೆ. ಬಸ್ಸಿನಲ್ಲೇ ಕೂತಿರುತ್ತೇನೆ ಅಂದರು. ನಾನು ಬಿಡಲಿಲ್ಲ. ಗೈಡ್ ಹುಡುಗಿ ಕೈಯಲ್ಲಿ ಬಾವುಟ ಹಿಡಿದು, ಬೇಗ ಬೇಗ, ಊಟಕ್ಕೆ ಹೊತ್ತಾಯಿತು ಅನ್ನುತ್ತಿದ್ದಳು. ನಾನು ಗುಂಪನ್ನು ಮಂಟಪದ ಹಿಂದಕ್ಕೆ ತಿರುಗಿಸಿದೆ.

ಹಿಂದಿನ ಜಗಲಿಯಲ್ಲಿ ಎರಡು ಕಂಬ ಇವೆ. ಉಳಿದ ಕಂಬಗಳ ಹಾಗಲ್ಲ. ಹಸಿರು ಛಾಯೆಯ ಗಟ್ಟಿ ಕಲ್ಲು, ಹದಿನಾರು ಮುಖ. ಮೈಮೇಲೆ ದುಂಡನೆಯ ಚೌಕಟ್ಟುಗಳು, ಒಂದೊಂದರಲ್ಲೂ ಒಂದೊಂದು ಚಿತ್ರ. ನಾನು ಬಾಯಿ ತೆರೆಯಲಿಲ್ಲ. ಸುಮ್ನೆ ನಿಂತೆ. ಪಾಠ ಮಾಡುವವನಿಗೆ ಸುಮ್ನಿರುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿಲ್ಲ.

ಅಮ್ಮ ಕನ್ನಡಕ ಒರೆಸಿಕೊಂಡು ಹತ್ತಿರ ಹೋದರು. ಎರಡು ಮರ, ನಡುವೆ ಒಂದು ಮಗು. ನೋಡಿದರು, ಮತ್ತೆ ನೋಡಿದರು. ಆಮೇಲೆ ಜೋರಾಗಿಯೇ ಕೂಗಿದರು: “ಮಾರಾಯ್ರೆ, ಇದು ನಮ್ಮ ಕೃಷ್ಣ ಅಲ್ವಾ! ಅಮ್ಮ ಒರಳಿಗೆ ಕಟ್ಟಿಹಾಕಿದ್ದು!”

ಅಷ್ಟೇ. ಮಂಡಿ ನೋವೂ ಹೋಯಿತು, ಹಸಿವೂ ಹೋಯಿತು. ಪಕ್ಕದ ಚೌಕಟ್ಟಿನಲ್ಲಿ ನರಸಿಂಹ, ತೊಡೆಯ ಮೇಲೆ ಹಿರಣ್ಯಕಶಿಪು. ಇನ್ನೊಂದರಲ್ಲಿ ಆನೆಯೂ ಮೊಸಳೆಯೂ, ಗಜೇಂದ್ರಮೋಕ್ಷ. ಮತ್ತೊಂದರಲ್ಲಿ ಗೋಪಿಯರ ಸೀರೆ ಕದ್ದು ಮರ ಹತ್ತಿದವನು. ಅಮ್ಮ ಒಂದೊಂದಕ್ಕೂ ಬೆರಳು ತೋರಿಸಿ ಹೆಸರು ಹೇಳುತ್ತಾ ಹೋದರು. ಊದುಬತ್ತಿ ಹಿಡಿದು ಬಂದಿದ್ದ ಚೀನೀ ಹೆಂಗಸರು ಸುತ್ತ ನೆರೆದರು. ಯಾರಿದು, ಇವರು ಯಾಕೆ ಕಂಬಕ್ಕೆ ಕೈ ಮುಗಿಯುತ್ತಿದ್ದಾರೆ ಅಂತ ಗೈಡ್‌ನ ಕೇಳಿದರು. ಅಮ್ಮ ಶುರುಮಾಡಿಯೇ ಬಿಟ್ಟರು. ಕುಬೇರನ ಇಬ್ಬರು ಮಕ್ಕಳು, ನಳಕೂಬರ, ಮಣಿಗ್ರೀವ. ಕುಡಿದು ಮೈಮರೆತದ್ದು. ನಾರದರ ಶಾಪ. ಇಬ್ಬರೂ ಮತ್ತಿಮರಗಳಾಗಿ ನಿಂತದ್ದು. ನಾನು ಇಂಗ್ಲಿಷಿಗೆ, ಗೈಡ್ ಚೀನಿಗೆ. ಯಶೋದೆ ಹಗ್ಗ ತರುವುದು, ಹಗ್ಗ ಎರಡು ಬೆರಳು ಸಾಲದೆ ಹೋಗುವುದು, ಇನ್ನೊಂದು ಹಗ್ಗ, ಅದೂ ಸಾಲದು. ಅಮ್ಮ ಒಂದನ್ನೂ ಬಿಡಲಿಲ್ಲ. ಅರ್ಥಧಾರಿಯ ಮನೆಯವರು ಬಿಡುತ್ತಾರಾ?

ಒಬ್ಬ ಚೀನೀ ಅಜ್ಜಿಗೆ ಮಾತ್ರ ಇದು ಒಪ್ಪಿಗೆಯಾಗಲಿಲ್ಲ. ಒಂದು ಚೂರು ಬೆಣ್ಣೆಗೆ ಮಗುವನ್ನು ಕಟ್ಟಿಹಾಕುವುದಾ ಅಂತ ಗದರಿಸಿಯೇ ಕೇಳಿದರು. ಅಮ್ಮ ಹೇಳಿದರು: “ಒಂದು ದಿನದ ಕಳವಾದರೆ ಬಿಡಬಹುದಿತ್ತು ಅಂತ ಹೇಳಿ ಅವರಿಗೆ. ದಿನಾ ಕದಿಯುತ್ತಿದ್ದ. ಅಕ್ಕಪಕ್ಕದ ಮನೆಯವರೆಲ್ಲ ದೂರು ತಂದಿದ್ದರು.” ಗೈಡ್ ಹೇಳಿದಳು. ಅಜ್ಜಿ ತಲೆ ಆಡಿಸಿದರು. ಹಾಗಾದರೆ ಸರಿ, ಕಟ್ಟಬೇಕಾದ್ದೇ. ಎಲ್ಲರೂ ನಕ್ಕರು. ಹೊರಗೆ ಬಸ್ಸಿನವನು ಹಾರನ್ ಹೊಡೆಯುತ್ತಲೇ ಇದ್ದ. ನಮಗೆ ಆವತ್ತು ಊಟ ಸಿಕ್ಕಿದ್ದು ಮಧ್ಯಾಹ್ನ ಕಳೆದ ಮೇಲೆ. ಯಾರೂ ಗೊಣಗಲಿಲ್ಲ.

ಇದು ಇಲ್ಲಿಗೆ ಹೇಗೆ ಬಂತು? ಮೆಣಸು, ಗಂಧ, ಬಟ್ಟೆ ಹೊತ್ತು ಬಂದ ತಮಿಳು ವರ್ತಕರಿಂದ. 1281ರ ಒಂದು ತಮಿಳು ಶಾಸನ ಇಲ್ಲಿ ಸಿಕ್ಕಿದೆ. ಕೊನೆಯಲ್ಲಿ ಒಂದು ಸಾಲು ಚೀನೀ ಅಕ್ಷರ. ಸಂಬಂಧ ಪೆರುಮಾಳ್ ಎಂಬವನು ಶಿವನನ್ನು ಪ್ರತಿಷ್ಠೆ ಮಾಡಿಸಿದ ಅಂತ ಬರೆದಿದೆ. ಯಾರ ಒಳಿತಿಗಾಗಿ? ಕುಬ್ಲಾಯ್ ಖಾನನ ಒಳಿತಿಗಾಗಿ! ಮಂಗೋಲ್ ದೊರೆ, ತಮಿಳು ವರ್ತಕ, ಚೀನಾದ ಬಂದರು, ಶಿವನ ಗುಡಿ. ಇದನ್ನು ನಮ್ಮ ಶಾಲೆಯ ಪುಸ್ತಕಗಳು ಯಾಕೆ ಹೇಳುವುದಿಲ್ಲವೋ ನನಗಂತೂ ಅರ್ಥವಾಗಿಲ್ಲ.

ಮುಂದಿನ ಶತಮಾನದಲ್ಲಿ ದಂಗೆ ಎದ್ದಿತು. ಪರದೇಶದವರು ಸತ್ತರು, ಓಡಿಹೋದರು. ಗುಡಿ ಬಿತ್ತು. ಅದರ ಕಲ್ಲುಗಳು ಕೋಟೆಗೋಡೆಯಲ್ಲಿ, ಮನೆಗಳಲ್ಲಿ, ಬೇರೆ ಗುಡಿಗಳಲ್ಲಿ ಸೇರಿಹೋದವು. ಕೈಯುವಾನ್ ಮಂಟಪವನ್ನು ಮಿಂಗ್ ಅರಸರ ಕಾಲದಲ್ಲಿ ದುರಸ್ತಿ ಮಾಡಿದಾಗ ಈ ಎರಡು ಕಂಬಗಳನ್ನು ತಂದು ನಿಲ್ಲಿಸಿದರು. ಮಂಟಪದ ಎದುರಿನ ಜಗಲಿಯ ಕಟ್ಟೆಯಲ್ಲೂ ಅದೇ ಗುಡಿಯ ಸಿಂಹದ ಕಲ್ಲುಗಳಿವೆ. ಬಗ್ಗಿ ನೋಡಬೇಕು, ಅಷ್ಟೇ.

ಇಪ್ಪತ್ತನೆಯ ಶತಮಾನದಲ್ಲಿ ಕೋಟೆ ಒಡೆಯುವಾಗ ಕಲ್ಲುಗಳು ಮತ್ತೆ ಹೊರಬಂದವು. ವು ವೆನ್‌ಲಿಯಾಂಗ್ ಎಂಬ ಶಾಲಾ ಮೇಷ್ಟ್ರು ಅವನ್ನು ಹುಡುಕಿ ಹುಡುಕಿ ಕೂಡಿಟ್ಟರು. ಇಲ್ಲದಿದ್ದರೆ ಎಷ್ಟೋ ಕಲ್ಲು ಯಾರದೋ ಮನೆಯ ಪಾಯ ಸೇರುತ್ತಿದ್ದವು. 1959ರಲ್ಲಿ ಶುರುವಾದ ಊರಿನ ಕಡಲ ಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳ ಸಾಲೇ ಇದೆ. ಅರಬ್ಬಿ ಬರಹದ ಗೋರಿಕಲ್ಲು, ತಾವರೆಯ ಮೇಲೆ ನಿಂತ ಶಿಲುಬೆ, ಶಿವಲಿಂಗಕ್ಕೆ ಪೂಜೆ ಮಾಡುವ ಆನೆ. ಎಲ್ಲರೂ ಹಡಗಿನ ಮಾದರಿಗಳನ್ನು ನೋಡಿ ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಕಲ್ಲಿನ ಕೋಣೆಗೆ ಹೋಗಿ.

ಉಳಿದ ಗುಡಿಗಳನ್ನು ಬೇಗ ಹೇಳುತ್ತೇನೆ, ಕೃಷ್ಣನೇ ಹೊತ್ತು ತಿಂದುಬಿಟ್ಟ. ಕಡಲಿಗೆ ಹೋಗುವವರ ತಾಯಿ ಮಾಝು. ಹತ್ತನೆಯ ಶತಮಾನದಲ್ಲಿ ಇದೇ ಕರಾವಳಿಯ ಮೇಯ್‌ಝೌ ದ್ವೀಪದಲ್ಲಿ ಹುಟ್ಟಿದ ಹುಡುಗಿ, ಆಮೇಲೆ ದೇವಿಯಾದಳು. ಇಲ್ಲಿನ ಅವಳ ಗುಡಿ 1196ರದು. ತುಮೆನ್ ಬೀದಿಯಲ್ಲಿ ಕಲ್ಲಿನ ಛಿಂಗ್‌ಜಿಂಗ್ ಮಸೀದಿ ಇದೆ. ಕಟ್ಟಿದ್ದು 1009ರಲ್ಲಿ. ಅದರ ಪಕ್ಕದಲ್ಲೇ ವೀರ ಗುವಾನ್ ಯು ಗುಡಿ, ಬೆಳಗಿನಿಂದ ರಾತ್ರಿವರೆಗೂ ಹೊಗೆ, ಜನ. ಅಲ್ಲಿ ಭಕ್ತರು ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕುತ್ತಾರೆ. ಒಂದು ಮಗುಚಿ, ಒಂದು ಅಂಗಾತ ಬಿದ್ದರೆ ದೇವರು ಒಪ್ಪಿದ ಅಂತ. ನಮ್ಮಲ್ಲಿ ಬಲಗಡೆ ಹೂ ಬೀಳಲಿ ಅಂತ ಕಾಯುತ್ತೇವಲ್ಲ, ಅದೇ ಲೆಕ್ಕ.

ಈಗ ಊಟ. ಚೀನಾ ಅಂದರೆ ಹಾವು, ಹಲ್ಲಿ ತಿನ್ನಬೇಕಾ ಅಂತ ಕೇಳುವವರು ಇನ್ನೂ ಇದ್ದಾರೆ. ದಯವಿಟ್ಟು ಆ ಪ್ರಶ್ನೆ ಸಾಕು. ಕಡಲೂಟ ಇಷ್ಟಪಡುವವರಿಗೆ ಇದು ಹಬ್ಬ. ಇಲ್ಲಿನ ರಾಜ ಸಿಂಪಿ. ಸಣ್ಣ ಸಣ್ಣ ಸಿಂಪಿಯ ಮಾಂಸಕ್ಕೆ ಗೆಣಸಿನ ಹಿಟ್ಟು, ಬೆಳ್ಳುಳ್ಳಿ ಸೊಪ್ಪು, ಮೊಟ್ಟೆ ಸೇರಿಸಿ ಕಾವಲಿಯ ಮೇಲೆ ಹುರಿಯುತ್ತಾರೆ. ಅಂಚು ಗರಿಗರಿ, ನಡುವೆ ಮೆತ್ತಗೆ. ಬೆಳಗ್ಗೆ ಕೂದಲಿನಷ್ಟು ತೆಳುವಾದ ಶಾವಿಗೆಯ ಗಂಜಿ. ಅದಕ್ಕೆ ಸಿಗಡಿಯೋ, ಸಿಂಪಿಯೋ, ನಿಮಗೆ ಬೇಕಾದ್ದನ್ನು ಬೆರಳು ತೋರಿಸಿ ಹಾಕಿಸಿಕೊಳ್ಳಬೇಕು. ಧೈರ್ಯ ಇದ್ದವರಿಗೆ ಕಡಲತೀರದ ಹುಳುವಿನ ಜೆಲ್ಲಿ ಇದೆ, ತಣ್ಣಗೆ, ವಿನೆಗರ್ ಜೊತೆ. ನಾನು ತಿಂದಿದ್ದೇನೆ. ಅಮ್ಮ ಆ ಮೇಜಿನಿಂದ ಎದ್ದೇ ಹೋದರು.

ಮೀನು ಮಾಂಸ ತಿನ್ನದವರು ಗುಡಿಗಳ ಹತ್ತಿರದ ಬೌದ್ಧ ಸಸ್ಯಾಹಾರದ ಹೋಟೆಲ್ ಹುಡುಕಿ. ಬೇರೆ ಕಡೆ ಬರೀ ಸೊಪ್ಪು ಕೇಳಿದರೂ ಹಂದಿಯ ಕೊಬ್ಬಿನಲ್ಲಿ ಬಾಡಿಸಿರಬಹುದು, ಒಣಸಿಗಡಿ ಬಿದ್ದಿರಬಹುದು. ಚೀನೀ ಲಿಪಿಯಲ್ಲಿ ಬರೆಸಿಕೊಂಡ ಒಂದು ಚೀಟಿ ಜೇಬಿನಲ್ಲಿ ಇರಲಿ. ಆಮೇಲೆ, ಹೋಟೆಲ್‌ಗಳ ವಿಷಯದಲ್ಲೂ ಅದೇ ಮಾತು. ಪಶ್ಚಿಮ ಬೀದಿಯ ಮುಂಭಾಗದ ಅಂಗಡಿಗಳಲ್ಲಿ ಪ್ರವಾಸಿಗಳೇ ಜಾಸ್ತಿ. ಹಿಂದಿನ ಓಣಿಗೆ ನುಗ್ಗಿ. ಊರಿನ ಮುದುಕರು ಎಲ್ಲಿ ಕೂತಿದ್ದಾರೋ ಅಲ್ಲಿ ಕೂರಿ.

ಸಿಂಪಿ ತಿಂದಮೇಲೆ ಲುವೋಯಾಂಗ್ ಸೇತುವೆಗೆ ಹೋಗಲೇಬೇಕು. 1053ರಿಂದ 1059ರವರೆಗೆ, ಛಾಯ್ ಶಿಯಾಂಗ್ ಎಂಬ ಅಧಿಕಾರಿಯ ಮುಂದಾಳುತನದಲ್ಲಿ ಕಟ್ಟಿದ್ದು. ಹೊಳೆ ಕಡಲು ಸೇರುವ ಜಾಗ. ಉಬ್ಬರ ಇಳಿತದ ಸೆಳೆತಕ್ಕೆ ಕಲ್ಲು ನಿಲ್ಲುವುದಿಲ್ಲ. ಆಗ ಸಿಮೆಂಟ್ ಎಲ್ಲಿಯದು? ಕಂಬಗಳ ಬುಡದಲ್ಲಿ ಸಿಂಪಿ ಸಾಕಿದರು! ಸಿಂಪಿಗಳು ಬೆಳೆದು, ಕಲ್ಲಿಗೆ ಕಲ್ಲು ಬೆಸೆದುಕೊಂಡವು. ಅಲ್ಲಿ ಸಿಂಪಿ ಕೀಳಬಾರದು ಅಂತ ಕಟ್ಟಳೆಯೂ ಇತ್ತು. ಎಲ್ಲರೂ ಮೇಲೆ ನಡೆದು ದಾಟುತ್ತಾರೆ. ನೀವು ಇಳಿತದ ಹೊತ್ತಿಗೆ ಹೋಗಿ, ದಡದಿಂದ ಕಂಬಗಳ ಬುಡ ನೋಡಿ.

ಶುನ್‌ಪು ಎಂಬ ಮೀನುಗಾರರ ಹಳ್ಳಿಯಲ್ಲಿ ಸಿಂಪಿ ಚಿಪ್ಪಿನ ಗೋಡೆಯ ಮನೆಗಳೇ ಇವೆ. ಅಲ್ಲಿನ ಹೆಂಗಸರು ತುರುಬಿನ ಸುತ್ತ ಹೂವಿನ ಬಳಸು ಕಟ್ಟುತ್ತಾರೆ. ಈಗ ಊರೂರಿಂದ ಹುಡುಗಿಯರು ಬಂದು ಬಾಡಿಗೆಗೆ ಬಟ್ಟೆ ತೊಟ್ಟು, ಹೂ ಮುಡಿದು ಫೋಟೊ ತೆಗೆಸಿಕೊಳ್ಳುತ್ತಾರೆ. ಮುಡಿಯಲಿ. ಆದರೆ ಹಳ್ಳಿಯ ಹಿಂಬದಿಯ ಓಣಿಗಳಲ್ಲಿ, ಚಾಕು ಹಿಡಿದು ಸಿಂಪಿ ಬಿಡಿಸುತ್ತಾ ಕೂತ ವಯಸ್ಸಾದ ಹೆಂಗಸರ ತಲೆಯಲ್ಲೂ ಅದೇ ಹೂವು ಇದೆ. ಅದನ್ನು ನೋಡಿ.

ನಾನ್‌ಯಿನ್ ಸಂಗೀತ, ದಾರದ ಗೊಂಬೆಯಾಟ, ಅನ್‌ಶಿ ಬೆಟ್ಟದ ಚಹಾ, ದೆಹುವಾದ ಬಿಳಿ ಪಿಂಗಾಣಿ. ಒಂದೊಂದಕ್ಕೂ ಇನ್ನೊಂದು ಭಾಷಣ ಬೇಕು, ಆಕಾಶವಾಣಿಯವರು ಕರೆದರೆ ನೋಡೋಣ. ನಾನ್‌ಯಿನ್ ಬಗ್ಗೆ ಒಂದೇ ಮಾತು. ಅಲ್ಲಿನ ವೀಣೆಯಂಥ ಪೀಪಾವನ್ನು ಚೀನಾದ ಬೇರೆ ಕಡೆ ನೆಟ್ಟಗೆ ನಿಲ್ಲಿಸಿ ನುಡಿಸುತ್ತಾರೆ, ಇಲ್ಲಿ ಹಳೆಯ ಕ್ರಮದಂತೆ ಅಡ್ಡ ಹಿಡಿಯುತ್ತಾರೆ. ಕೈಯುವಾನ್ ಮಂಟಪದ ತೊಲೆಗಳಲ್ಲಿ ರೆಕ್ಕೆಯ ಅಪ್ಸರೆಯರು ವಾದ್ಯ ಹಿಡಿದು ನಿಂತಿದ್ದಾರೆ. ತಲೆ ಎತ್ತಿ ಹುಡುಕಿ, ಅವರ ಕೈಯಲ್ಲೂ ಇದೇ ವಾದ್ಯ.

ಹೋಗುವುದಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಹೋಗಿ. ಜುಲೈನಿಂದ ಸೆಪ್ಟೆಂಬರ್ ಚಂಡಮಾರುತದ ಕಾಲ, ರೈಲೂ ನಿಲ್ಲುತ್ತದೆ. ಸಣ್ಣ ಅಂಗಡಿಯಲ್ಲೂ ಫೋನಿನಲ್ಲೇ ಹಣ ಕೊಡುವ ಪದ್ಧತಿ, ಹಾಗಾಗಿ ಅಲಿಪೇ ಆ್ಯಪನ್ನು ಊರಿನಲ್ಲೇ ಹಾಕಿಕೊಂಡು ಹೊರಡಿ. ಟೂರಿನವರ ಜೊತೆ ಹೋಗುವವರು ಮೊದಲೇ ಕೇಳಿ: ಕೈಯುವಾನ್‌ನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತೀರಿ ಅಂತ. ಅರ್ಧ ಗಂಟೆ ಅಂದರೆ ಬೇರೆ ಟೂರ್ ನೋಡಿಕೊಳ್ಳಿ. ನಮಸ್ಕಾರ.