ರೋಹಿಣಿ ಮಳೆಗೆ ಮೊದಲೊಂದು ಚೀಲ

ಕೇಳುಗರೇ, ನಮಸ್ಕಾರ. ಹೊಳೆ ಬರುವ ಮೊದಲೇ ದುಡ್ಡು, ಕಾಗದ, ವಿಮೆ ಹೇಗೆ ಸರಿಮಾಡಿಟ್ಟುಕೊಳ್ಳಬೇಕು ಅನ್ನುವುದೇ ಇವತ್ತಿನ ಮಾತು.

2019ರ ಆಗಸ್ಟ್. ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆಯ ಊರುಗಳಿಗೆ ನುಗ್ಗಿತು. ನನ್ನ ಸೋದರತ್ತೆ ಉಟ್ಟ ಸೀರೆಯಲ್ಲೇ ಗಂಜಿ ಕೇಂದ್ರ ಸೇರಿದರು.

ನೀರು ಇಳಿದ ಮೇಲೆ ನಾನೂ ಅವರ ಜೊತೆ ಮನೆಗೆ ಹೋದೆ. ಮಂಚದ ಕೆಳಗಿನ ಟ್ರಂಕು ತೆಗೆದರೆ ಪಾಸ್‌ಬುಕ್ಕು, ಹೊಲದ ಉತಾರ, ರೇಷನ್ ಕಾರ್ಡು ಎಲ್ಲ ಕೆಸರಿನ ಮುದ್ದೆ. ನಡುವೆ ನೋಟಿನ ಕಟ್ಟು, ನಾದಿದ ಹಿಟ್ಟಿನ ಹಾಗೆ ಅಂಟಿಕೊಂಡಿತ್ತು. ಅತ್ತೆ ಅವಸರಪಟ್ಟು ಎಳೆದರು. ನಾಲ್ಕು ನೋಟು ಹರಿದವು. "ತಡೀರಿ ಅತ್ತಿ, ಒಣಗಲಿ" ಅಂದೆ. ಗೋಣಿಚೀಲದ ಮೇಲೆ ನೆರಳಲ್ಲಿ ಹರವಿಟ್ಟೆವು. ಸಂಜೆಗೆ ಒಂದೊಂದಾಗಿ ಬಿಟ್ಟುಕೊಂಡವು.

ಹರಿದ ನೋಟನ್ನು ಎಸೆಯಬೇಡಿ. ಬ್ಯಾಂಕಿನಲ್ಲಿ ಬದಲಿಸಿಕೊಡುತ್ತಾರೆ. 50 ರೂಪಾಯಿ ಅಥವಾ ಅದಕ್ಕಿಂತ ದೊಡ್ಡ ನೋಟಾದರೆ, ಒಂದೇ ತುಂಡಿನಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಭಾಗ ಉಳಿದಿರಬೇಕು. ಆಗ ಪೂರ್ತಿ ಹಣ. 40ರಿಂದ 80ರಷ್ಟು ಉಳಿದಿದ್ದರೆ ಅರ್ಧ. ಬೇಗ ಒಣಗಲೆಂದು ರೊಟ್ಟಿ ಹಂಚಿನ ಮೇಲೆ ಮಾತ್ರ ಇಡಬೇಡಿ. ಸುಟ್ಟು ಪುಡಿಯಾಗುವ ನೋಟಿಗೆ ರಿಸರ್ವ್ ಬ್ಯಾಂಕಿನ ತನಕ ಹೋಗಬೇಕಾಗುತ್ತದೆ.

ಈಗ ದುಡ್ಡೆಲ್ಲ ಫೋನಿನಲ್ಲೇ ಇದೆಯಲ್ಲ ಅನ್ನಬಹುದು. ಹೊಳೆ ಬಂದ ದಿನ ಮೊದಲು ಹೋಗುವುದೇ ಕರೆಂಟು, ಆಮೇಲೆ ಟವರು. ಒಂದು ವಾರದ ಖರ್ಚಿಗಾಗುವಷ್ಟು ನಗದು ಕೈಯಲ್ಲಿರಲಿ, ಅದೂ 50, 100ರ ನೋಟುಗಳಲ್ಲಿ. ಅಂಥ ಹೊತ್ತಲ್ಲಿ 500ಕ್ಕೆ ಚಿಲ್ಲರೆ ಕೊಡುವವರು ಯಾರು?

ಪರಿಹಾರದ ಹಣ ಬರುವುದು ಸಾಮಾನ್ಯವಾಗಿ ಬ್ಯಾಂಕ್ ಖಾತೆಗೆ. 2 ವರ್ಷ ವ್ಯವಹಾರ ಮಾಡದೆ ಬಿಟ್ಟ ಖಾತೆ ನಿಷ್ಕ್ರಿಯವಾಗುತ್ತದೆ. ಆಗಾಗ 100 ರೂಪಾಯಿಯಾದರೂ ಹಾಕಿ ತೆಗೆಯಿರಿ. ಮನೆಯ ಗೋಡೆ, ದನದ ಕೊಟ್ಟಿಗೆ, ಫ್ರಿಜ್ಜು, ಟಿವಿಯ ಫೋಟೋ ತೆಗೆದು ದೂರದ ಊರಿನ ನೆಂಟರೊಬ್ಬರಿಗೆ ವಾಟ್ಸಾಪ್‌ನಲ್ಲಿ ಕಳಿಸಿಡಿ. ಪಂಚನಾಮೆಗೆ ಬಂದವರಿಗೆ ಬಿದ್ದ ಗೋಡೆ ಕಾಣುತ್ತದೆ, ಮೊದಲು ಏನಿತ್ತು ಅನ್ನುವುದು ಕಾಣುವುದಿಲ್ಲ.

ವಿಮೆಯ ಮಾತು ಬೇಗ ಮುಗಿಸುತ್ತೇನೆ. ಬೆಳೆ ವಿಮೆ ಮಾಡಿಸಿದ ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕು. ಬೈಕಿಗೆ ಬರೀ ಥರ್ಡ್ ಪಾರ್ಟಿ ವಿಮೆ, ಅಂದರೆ ಬೇರೆಯವರಿಗಾದ ಹಾನಿಗೆ ಮಾತ್ರ ಕೊಡುವ ವಿಮೆ, ಇದ್ದರೆ ಪ್ರವಾಹದ ನಷ್ಟಕ್ಕೆ ಏನೂ ಸಿಗುವುದಿಲ್ಲ. ನೀರಲ್ಲಿ ಮುಳುಗಿದ ಗಾಡಿಗೆ ಕಿಕ್ ಹೊಡೆಯಲೂ ಬೇಡಿ, ಇಂಜಿನ್ ಕೆಡುತ್ತದೆ. ಪಕ್ಕಾ ಮನೆಯಿದ್ದವರು 2021ರಲ್ಲಿ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯನ್ನು ವಿಚಾರಿಸಿ. ಪ್ರವಾಹ, ಭೂಕುಸಿತ ಎರಡೂ ಅದರಲ್ಲಿವೆ.

ಇನ್ನು ಪ್ರಧಾನ ಮಂತ್ರಿ ಸುರಕ್ಷಾ ಬಿಮಾ, ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ಟುವ ಅಪಘಾತ ವಿಮೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಹೊಳೆಯಲ್ಲಿ ಕೊಚ್ಚಿಹೋದರೂ ಅದು ಅಪಘಾತದ ಲೆಕ್ಕವೇ. ಇದರ ವರ್ಷ ಜೂನ್ 1ಕ್ಕೆ ಶುರು. ಹಾಗಾಗಿ ಮೇ ಕೊನೆಗೆ, ರೋಹಿಣಿ ಮಳೆಯ ಹೊತ್ತಿಗೆ, ಖಾತೆಯಿಂದ ಹಣ ಕಡಿತವಾಗುತ್ತದೆ.

ಅತ್ತೆ ಈಗ ಆ ಟ್ರಂಕಿನಲ್ಲಿ ಹಾಸಿಗೆ ಬಟ್ಟೆ ಇಡುತ್ತಾರೆ. ಕಾಗದವೆಲ್ಲ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕಿದ್ದಾರೆ. ಮೇ ಕೊನೆಗೆ ನನಗೊಂದು ಫೋನು ತಪ್ಪದೆ ಬರುತ್ತದೆ: "ತಮ್ಮಾ, ಇಪ್ಪತ್ತು ರೂಪಾಯಿ ಕಟ್ ಆಗೇತೇನು ನೋಡು. ಚೀಲಾ ನಾ ನೋಡೇನಿ."

ನಮಸ್ಕಾರ.